ಕೋಣೆ ಮೂರರ ಹಳದಿ ಕುರ್ಚಿಯವರ ಸನ್ನಿಧಿಗೆ

ಮಾನ್ಯ ಕುರ್ಚಿಯವರೇ,

ಇಂದು ಬೆಳಿಗ್ಗೆ ನನ್ನ ಅಕ್ಕನ ಮಗಳು ಕಾಲುಚೀಲವನ್ನು ಒಳಮೈ ಹೊರಗಾಗಿ ತಿರುಗಿಸಿದ ಮೇಲೆಯೇ ಕಾಲು ನೀಡಿದಳು. ಹೊಲಿಗೆಯ ಗೆರೆ ಹೆಬ್ಬೆರಳಿಗೆ ತಾಗಿದರೆ ಅವಳಿಗೆ ಅದು ಮುಳ್ಳು. ಅದನ್ನು ನೋಡುತ್ತ ನಿಂತ ನನಗೆ ತಾವು ನೆನಪಾದಿರಿ. ಮಕ್ಕಳ ಬೆಳವಣಿಗೆ ಕೇಂದ್ರದ ಕೋಣೆ ಮೂರರಲ್ಲಿ ನಾಲ್ಕು ಪ್ಲಾಸ್ಟಿಕ್ ಕಾಲುಗಳ ಮೇಲೆ ನಿಂತು, ಎಲ್ಲರ ಮೊಣಕಾಲಿಗಿಂತ ಕೆಳಗಿದ್ದುಕೊಂಡೇ ಇಡೀ ಕಟ್ಟಡವನ್ನು ಆಳುತ್ತಿರುವ ತಮಗೆ ನನ್ನ ವಿನಯಪೂರ್ವಕ ವಂದನೆಗಳು. ತಮ್ಮ ಹಳದಿ ಬಣ್ಣ ಎಂದಿನಂತೆ ಹೊಳೆಯುತ್ತಿದೆಯೆಂದು ನಂಬಿದ್ದೇನೆ.

ನಾನು ಸಾಹಿತ್ಯದಲ್ಲಿ ಪದವಿ ಪಡೆದು, ಕೆಲಸ ಸಿಗುವ ತನಕ ಅಕ್ಕನ ಮನೆಯಲ್ಲಿರುವವಳು. ಅಧಿಕಾರಿಗಳ ಎದುರು ನಿಂತರೆ ನನ್ನ ದನಿ ಗಂಟಲಿಂದ ಇಳಿದು ಹೊಟ್ಟೆ ಸೇರುತ್ತದೆ, ಹಾಗಾಗಿ ಅವರನ್ನೆಲ್ಲ ಬಿಟ್ಟು ನೇರ ತಮಗೇ ಬರೆಯುತ್ತಿದ್ದೇನೆ. ಅಕ್ಕನ ಮಗಳನ್ನು ನಾವು ಬುಗುರಿ ಎಂದು ಕರೆಯುತ್ತೇವೆ, ಏಕೆಂದರೆ ನಡುಮನೆಯಲ್ಲಿ ಅವಳು ಸುತ್ತತೊಡಗಿದರೆ ತಲೆ ತಿರುಗುವುದು ನಮಗೇ ಹೊರತು ಅವಳಿಗಲ್ಲ. ಅವಳಿಗೆ ತಲೆ ಬಾಚಿಸಿಕೊಳ್ಳಲು ಆಗದು, ಹಿಸುಕಿದ ಬಾಳೆಹಣ್ಣಿನಷ್ಟು ನುಣುಪಲ್ಲದ ಯಾವುದೂ ಗಂಟಲಲ್ಲಿ ಇಳಿಯದು, ಅಮ್ಮ ಮೆಲ್ಲಗೆ ಸವರಿದರೂ ಬಿಸಿ ತಾಗಿದವಳಂತೆ ಕೈ ಎಳೆದುಕೊಳ್ಳುತ್ತಾಳೆ. ಮಕ್ಕಳ ಡಾಕ್ಟರು ನೋಡಿ, “ಆಕ್ಯುಪೇಶನಲ್ ಥೆರಪಿ ಬೇಕಮ್ಮ, ಬೇಗ ಶುರು ಮಾಡಿ, ಈ ವಯಸ್ಸಲ್ಲಿ ಮಾಡಿದ್ರೆ ಅರ್ಧ ಗೆದ್ದ ಹಾಗೆ” ಎಂದರು. “ಇಷ್ಟ್ ಬೇಗ ಯಾವ ಕೆಲ್ಸಕ್ಕೆ ಸೇರಿಸ್ತಾರಂತೆ? ಮನೇಲಿ ಚಿಕ್ಕಮ್ಮಂಗೇ ಇನ್ನೂ ಸಿಕ್ಕಿಲ್ಲ” ಎಂದು ಭಾವ ನನ್ನ ಕಾಲೆಳೆದರು. ಉಡುವುದು, ಉಣ್ಣುವುದು, ಆಡುವುದು, ಅಪ್ಪಿಕೊಳ್ಳುವುದು, ಇವೇ ಮಗುವಿನ ಕೆಲಸವೆಂದೂ ಅವನ್ನು ಕೈಹಿಡಿದು ಕಲಿಸುವುದೇ ಈ ಚಿಕಿತ್ಸೆಯೆಂದೂ ತಿಳಿದ ಮೇಲೆ ಅವರೂ ನಗಲಿಲ್ಲ.

ಊರಿಗೆಲ್ಲ ಇಂಥ ಕೇಂದ್ರ ಒಂದೇ. ಅಲ್ಲಿನ ಎಳೆಯ ಮಕ್ಕಳ ವಿಭಾಗಕ್ಕೆ ಮೂರು ವರ್ಷ ತುಂಬುವುದರೊಳಗೆ ಸೇರಿಬಿಡಬೇಕು. ತುಂಬಿದ ಮರುದಿನ ಮಗು ದೊಡ್ಡ ಮಕ್ಕಳ ಸರದಿಯ ಬಾಲಕ್ಕೆ ಹೋಗುತ್ತದೆ, ಆ ಬಾಲದ ತುದಿಯನ್ನು ಕಂಡವರಿಲ್ಲ. ಬುಗುರಿಗೆ ಮುಂದಿನ ತಿಂಗಳು ಮೂರು ತುಂಬುತ್ತದೆ. ಇಂಥ ಅವಸರದ ನಡುವೆ ತಮ್ಮ ಸ್ಥಾನ ಎಷ್ಟು ದೊಡ್ಡದೆಂಬುದು ಮೊದಲ ಭೇಟಿಯಲ್ಲೇ ಮನವರಿಕೆಯಾಯಿತು. ಮಗು ತಮ್ಮ ಮೇಲೆ ಕೂತ ಮೇಲೆಯೇ ಪರೀಕ್ಷೆ ಆರಂಭವಾಗಬೇಕೆಂಬುದು ಅಲ್ಲಿನ ನಿಯಮ. ಬುಗುರಿ ತಮ್ಮನ್ನು ಒಮ್ಮೆ ಮೂಸಿ ನೋಡಿ, ಗೋಡೆಗುಂಟ ಸುತ್ತಲು ಹೊರಟಳು. ಥೆರಪಿಸ್ಟ್ ಮೇಡಂ ಕಾದರು, ಅಕ್ಕ ಮಗಳನ್ನು ಬೇಡಿಕೊಂಡಳು, ತಾವು ಗಂಭೀರವಾಗಿ ಖಾಲಿಯೇ ಇದ್ದಿರಿ. “ಕೂರೋದು ಕಲಿಸ್ಕೊಂಡ್ ಬನ್ನಿ, ಆಮೇಲೆ ನೋಡೋಣ” ಎಂದು ಮೇಡಂ ಕೊನೆಗೆ ಎದ್ದರು. ಕೂರಲಾರದ ಮಗುವಿಗೆ ಕೂರುವುದನ್ನು ಕಲಿಸಬೇಕಾದರೆ ಮೊದಲು ಅದು ಕೂತು ತೋರಿಸಬೇಕೆಂಬ ಈ ಮುಂದಾಲೋಚನೆಯನ್ನು ಎಷ್ಟು ಹೊಗಳಿದರೂ ಸಾಲದು. ಜ್ವರ ಇಳಿಸಿಕೊಂಡು ಬಂದವರಿಗಷ್ಟೇ ಮಾತ್ರೆ ಕೊಡುವ ಆಸ್ಪತ್ರೆಗಳು ಇನ್ನಾದರೂ ತಮ್ಮಿಂದ ಸ್ಫೂರ್ತಿ ಪಡೆದು ಹುಟ್ಟಿಕೊಳ್ಳಲಿ.

ನಾವು ಹಟಕ್ಕೆ ಬಿದ್ದೆವು. ಭಾವ ಅಂಗಡಿಗಳನ್ನೆಲ್ಲ ಅಲೆದು ತಮ್ಮದೇ ಎತ್ತರದ, ತಮ್ಮದೇ ಬಣ್ಣದ ಸೋದರ ಕುರ್ಚಿಯವರೊಬ್ಬರನ್ನು ಮನೆಗೆ ಕರೆತಂದರು. ಅವರನ್ನು ಬಟ್ಟೆ ಒಗೆಯುವ ಯಂತ್ರದ ಎದುರಿಗಿಟ್ಟು, ಒಳಗೆ ಬಟ್ಟೆ ಗರಗರ ತಿರುಗುವುದನ್ನು ನೋಡಬೇಕಾದರೆ ಕೂತೇ ನೋಡಬೇಕೆಂದು ಕಾನೂನು ಮಾಡಿದೆವು. ಕೊಳೆ ಬಟ್ಟೆ ಸಾಲದೆ ಮಡಿಸಿಟ್ಟದ್ದನ್ನೇ ಮತ್ತೆ ಒಗೆದೆವು. ಆದರೂ ಅವಳು ಕೂತಂತೆ ಮಾಡಿ ಚಿಮ್ಮಿಬಿಡುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ದಪ್ಪ ನಿಘಂಟನ್ನು ತಾನೇ ಎಳೆದು ತೊಡೆಯ ಮೇಲೆ ಹೇರಿಕೊಂಡಳು ನೋಡಿ, ಉಕ್ಕಿ ಬರುತ್ತಿದ್ದ ಹಾಲಿನ ಉರಿ ತಗ್ಗಿಸಿದಂತೆ ಆ ಭಾರದ ಕೆಳಗೆ ಮೆಲ್ಲಗೆ ತಣಿದು ಕೂತೇ ಉಳಿದಳು. “ನಿನ್ನ ಓದು ಕೊನೆಗೂ ಉಪಯೋಗಕ್ಕೆ ಬಂತಲ್ಲೇ!” ಎಂದು ಅಕ್ಕ ಎಷ್ಟೋ ವಾರಗಳ ಮೇಲೆ ನಕ್ಕಳು.

ಎರಡನೇ ಭೇಟಿಗೆ ನಿಘಂಟೂ ನಮ್ಮೊಂದಿಗೆ ಬಸ್ಸು ಹತ್ತಿತು. ಬುಗುರಿ ತಮ್ಮ ಮೇಲೆ ಕೂತಳು, ಕೂತೇ ಇದ್ದಳು. ಮೇಡಂ ಕಣ್ಣರಳಿಸಿ, “ಅಬ್ಬಾ, ಎಷ್ಟ್ ಚೆನ್ನಾಗಿ ಕೂತಿದಾಳೆ! ಈಗ್ಲೇ ಪುಸ್ತಕದ ಹುಚ್ಚು ಬೇರೆ!” ಎಂದರು. ಮಗಳನ್ನು ಹೊರಗಿನವರು ಹೊಗಳಿ ಅಭ್ಯಾಸವಿಲ್ಲದ ಅಕ್ಕನ ಮುಖ ಅರಳಿತು. ಅದು ಪೂರ್ತಿ ಅರಳುವ ಮೊದಲೇ ಮೇಡಂ, “ಇಷ್ಟ್ ಹೊತ್ತು ಕೂರೋ ಮಗೂಗೆ ಅರ್ಜೆಂಟ್ ಏನಿಲ್ಲ ಬಿಡಿ, ಕೂರದೇ ಇರೋ ಮಕ್ಕಳು ಎಷ್ಟೋ ಜನ ಕಾಯ್ತಿದಾರೆ” ಎಂದು ನಮ್ಮನ್ನು ಸರದಿಯ ಕೊನೆಗೆ ಸಾಗಹಾಕಿದರು. ಕೂರದಿದ್ದರೆ ಪರೀಕ್ಷೆಯಿಲ್ಲ, ಕೂತರೆ ಚಿಕಿತ್ಸೆಯಿಲ್ಲ ಎಂದು ಒಂದೇ ಆಸನದಿಂದ ಎರಡೂ ತೀರ್ಪು ಕೊಡಬಲ್ಲ ತಮ್ಮ ನಿಷ್ಪಕ್ಷಪಾತಕ್ಕೆ ನಾನು ಬೆರಗಾಗಿದ್ದೇನೆ. ವಾಪಸು ಬರುವಾಗ ಅಕ್ಕ ಕಿಟಕಿಯ ಕಡೆ ಮುಖ ಮಾಡಿ, “ನಾವೇ ಕೈಯಾರೆ ಕೆಡಿಸಿಕೊಂಡ್ವಾ ಕಣೇ?” ಎಂದಳು. ನಾನು ನಿಘಂಟನ್ನು ಎತ್ತಿ ಅವಳ ತೊಡೆಯ ಮೇಲಿಟ್ಟೆ.

ಅಕ್ಕ ಮತ್ತೆ ಮತ್ತೆ ಫೋನು ಮಾಡಿ ಗೋಗರೆದ ಫಲವಾಗಿ ನಾಳೆ ಮರುಪರಿಶೀಲನೆಗೆ ಕರೆದಿದ್ದಾರೆ. ಮೂರು ತುಂಬುವ ಮೊದಲು ನಮಗಿರುವುದು ಇದೊಂದೇ ಅವಕಾಶ. ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ವಿನಂತಿಗಳು. ತಾವು ಒಂದು ದಿನ ಕೋಣೆ ಬಿಟ್ಟು, ರಸ್ತೆಯ ಬದಿಯಲ್ಲೇ ಜೋಪಾನವಾಗಿ ನಡೆದು ನಮ್ಮ ಮನೆಗೆ ಬಂದು, ಅಕ್ಕ ಬಾಚಣಿಗೆ ಕೈಗೆತ್ತಿಕೊಳ್ಳುವ ಹೊತ್ತಿಗೆ ಬಾಗಿಲ ಬಳಿ ನಿಂತು ಬುಗುರಿಯ ಕಿರುಚಾಟ ಕೇಳಿಸಿಕೊಳ್ಳಬೇಕು. ಅದಾಗದಿದ್ದರೆ ಮುಂದಿನ ತಿಂಗಳನ್ನು ಕೆಲಕಾಲ ತಡೆಹಿಡಿಯುವಂತೆ ಸಂಬಂಧಪಟ್ಟವರಿಗೆ ಶಿಫಾರಸು ಮಾಡಬೇಕು. ಅದೂ ಆಗದಿದ್ದರೆ, ಪರೀಕ್ಷೆಗೆ ಸಾಕಾಗುವಷ್ಟು ಕೂತು ಚಿಕಿತ್ಸೆಗೆ ಬೇಕಾಗುವಷ್ಟು ಕೂರದಿರುವ ಭಂಗಿ ಯಾವುದೆಂದು ತಿಳಿಸಿದರೆ ಭಾವನಿಗೆ ಉಪಕಾರವಾದೀತು. “ಇಲ್ಲಿ ನೋಡ್ರೇ, ಹಿಂಗೆ ಒಂದ್ ಕಡೆ ವಾಲಿದ್ರೆ ಹೆಂಗೆ?” ಎಂದು ಅವರು ನಿನ್ನೆಯಿಂದ ಅಡುಗೆಮನೆಯಲ್ಲಿ ಆ ಹಳದಿ ಸೋದರರ ಮೇಲೆ ಸ್ವತಃ ಕೂತು, ಜಾರಿ, ಬಿದ್ದು ತೋರಿಸುತ್ತಿದ್ದಾರೆ.

ನಾನು ಮಾತ್ರ ಬೇರೆ ಯೋಚಿಸಿದ್ದೇನೆ, ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಾಳೆ ನಿಘಂಟನ್ನು ತರುವುದಿಲ್ಲ, ಬುಗುರಿಗೆ ಏನನ್ನೂ ಕಲಿಸಿಕೊಂಡು ಬರುವುದೂ ಇಲ್ಲ. ಅವಳು ಸುತ್ತುವುದಾದರೆ ಸುತ್ತಲಿ, ಕಿರುಚುವುದಾದರೆ ಕಿರುಚಲಿ. ಪರೀಕ್ಷೆ ಶುರುವಾಗಲು ತಮ್ಮ ಮೇಲೆ ಯಾರಾದರೂ ಕೂತಿರಬೇಕು, ಅಷ್ಟೇ ತಾನೇ? ನಾನು ಕೂರುತ್ತೇನೆ. ತರಗತಿಯಲ್ಲಿ ಕೊನೆಯ ಬೆಂಚಿನ ಮೂಲೆ ಬಿಟ್ಟು ಎಲ್ಲೂ ಕೂತು ಗೊತ್ತಿಲ್ಲದವಳು, ಕೋಣೆಯ ನಟ್ಟನಡುವೆ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು, ಮೇಡಂ ನೆಲಕ್ಕಿಳಿದು ಬುಗುರಿಯನ್ನು ಅವಳಿದ್ದಲ್ಲೇ ನೋಡುವ ತನಕ ಏಳುವುದಿಲ್ಲ.

ಭಾರಕ್ಕೆ ಮುಂಚಿತವಾಗಿಯೇ ಕ್ಷಮೆ ಕೋರುತ್ತ,

ತಮ್ಮ ವಿಶ್ವಾಸಿ,
ಬುಗುರಿಯ ಚಿಕ್ಕಮ್ಮ

ಮರೆತ ಮಾತು: ತಮ್ಮ ಹಿಂದಿನ ಎಡಗಾಲು ತುಸು ಅಲುಗಾಡುವುದನ್ನು ಗಮನಿಸಿದ್ದೇನೆ. ಇಂಥದ್ದಕ್ಕೆ ಬೇಗ ಚಿಕಿತ್ಸೆ ಶುರುವಾದರೆ ಗುಣ ಉಂಟಂತೆ, ದಯವಿಟ್ಟು ತಾವೂ ಹೆಸರು ಬರೆಸಿ ಸರದಿಯಲ್ಲಿ ನಿಲ್ಲಿ. ತಮಗೆ ಮೂರು ವರ್ಷ ದಾಟಿರಬಹುದೆಂಬ ಅನುಮಾನ ಮಾತ್ರ ನನಗಿದೆ.