ಎಣ್ಣೆಗಾಯಿಯ ಬೆಲ್ಲ ಮತ್ತು ನನ್ನ ಅಡ್ಮಿನ್‌ಗಿರಿ

ಹಟ ಒಳ್ಳೆಯದಲ್ಲ ಎಂದು ಬುದ್ಧಿ ಹೇಳುವವರೆಲ್ಲ ಒಮ್ಮೆಯಾದರೂ ವಾಟ್ಸಾಪ್ ಗುಂಪೊಂದಕ್ಕೆ ಅಡ್ಮಿನ್ ಆಗಿ ನೋಡಬೇಕು. ಬೈಲಹೊಂಗಲದಲ್ಲಿ ಹೆಂಗಸರ ಜಂಪರ್, ಎಂದರೆ ರವಿಕೆ, ಹೊಲಿಯುವ ನಾನು ‘ರೊಟ್ಟಿ ಕಟ್ಟೆ’ ಎಂಬ ಅಡುಗೆ ಚರ್ಚೆಯ ಗುಂಪಿನ ಅಡ್ಮಿನ್. ಕಿತ್ತೂರು, ಸವದತ್ತಿ, ರಾಮದುರ್ಗದವರೆಲ್ಲ ಅದರಲ್ಲಿದ್ದಾರೆ. ಮನೆಯಲ್ಲಿ ಟಿವಿ ಸಣ್ಣ ಮಾಡಿ ಎಂದರೆ ಯಾರೂ ಕೇಳುವುದಿಲ್ಲ. ಅಲ್ಲಿ ‘ಸಾಕು’ ಎಂದು ಬರೆದರೆ ಅಷ್ಟೂ ಜನ ಸುಮ್ಮನಾಗುತ್ತಾರೆ. ಈ ಸುಖ ಬಿಟ್ಟುಕೊಡಲು ನನಗೆ ಎಳ್ಳಷ್ಟೂ ಮನಸ್ಸಿಲ್ಲ.

ಜಗಳ ಹತ್ತಿದ್ದು ಬದನೆಕಾಯಿ ಎಣ್ಣೆಗಾಯಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬುದಕ್ಕೆ. ಸವದತ್ತಿಯ ಗುರಪ್ಪ ಮಾಸ್ತರು ನಿವೃತ್ತರಾದ ಮೇಲೆ ಅಡುಗೆ ಕಲಿತವರು, ಪಾಠ ಹೇಳುವುದನ್ನು ಮಾತ್ರ ಬಿಟ್ಟಿಲ್ಲ. ‘ಚೂರು ಬೆಲ್ಲ ಬೇಕೇ ಬೇಕು’ ಎಂದರು. ರಾಮದುರ್ಗದಲ್ಲಿ ಖಾನಾವಳಿ ನಡೆಸುವ ಶಾಂತಕ್ಕ, ‘ಬೆಲ್ಲ ಹಾಕಿದ್ರ ಅದು ಎಣ್ಣಿಗಾಯಿ ಅಲ್ರಿ ಮಾಸ್ತರ, ಹುಗ್ಗಿ’ ಎಂದರು. ಮಾಸ್ತರು, ‘ಖಾನಾವಳಿ ಪಲ್ಯಾದಾಗ ಬದನಿಕಾಯಿ ಹುಡಕಾಕ ಕಣ್ಣಿಗೆ ಚಾಳೀಸ ಹಾಕ್ಕೋಬೇಕು’ ಎಂದುಬಿಟ್ಟರು. ಅಲ್ಲಿಗೆ ಗುಂಪು ಎರಡಾಯಿತು, ಕೆಲವರು ಬಿಟ್ಟೂ ಹೋದರು. ಸಂಪಗಾಂವದಿಂದ ನನ್ನ ತಂಗಿ ಫೋನ್ ಮಾಡಿ, ‘ಅಕ್ಕಾ, ಒಬ್ಬರನ್ನ ತಗದು ಒಗಿ, ಎಲ್ಲಾರೂ ತಣ್ಣಗ ಆಗ್ತಾರ’ ಎಂದಳು. ತೆಗೆಯುವುದಿಲ್ಲ ಎಂದೆ. ಅಳತೆ ತಪ್ಪಿದ ಜಂಪರನ್ನು ನಾನು ಎಸೆಯುವವಳಲ್ಲ, ಬಿಚ್ಚಿ ಹೊಲಿಯುವವಳು.

ಆಗ ದಸರೆ ಬಂತು. ನಮ್ಮಲ್ಲಿ ಬನ್ನಿ ಎಲೆಯನ್ನು ಬಂಗಾರವೆಂದು ಕೈಗೆ ಕೊಟ್ಟು, ‘ಬಂಗಾರ ತಗೊಂಡು ಬಂಗಾರದಂಗ ಇರೂಣು’ ಎಂದರೆ ವರ್ಷದ ಮುನಿಸು ಮುಗಿಯಬೇಕು. ಇವರಿಬ್ಬರೂ ಗುಂಪಿನಲ್ಲಿ ಬನ್ನಿಯ ಫೋಟೋ ಹಾಕಿ, ಅದರ ಕೆಳಗೇ ಮತ್ತೆ ಬೆಲ್ಲದ ಮಾತು ತೆಗೆದರು. ನನಗೆ ಸಿಟ್ಟು ನೆತ್ತಿಗೇರಿತು. ಕಾಯ್ದೆ ಮಾಡಿದೆ: ಜಗಳಾಡಿದವರಲ್ಲಿ ಒಬ್ಬರು ಇನ್ನೊಬ್ಬರ ಊರಿಗೆ ಹೋಗಿ ಕೈಯಾರೆ ಬನ್ನಿ ಕೊಡುವ ತನಕ ಇಬ್ಬರೂ ಇಲ್ಲಿ ಒಂದಕ್ಷರ ಬರೆಯುವಂತಿಲ್ಲ. ಫೋಟೋದ ಬನ್ನಿ ನಡೆಯುವುದಿಲ್ಲ.

ಮೂರನೆಯ ದಿನ ಮಾಸ್ತರು ಬಸ್ಸು ಹತ್ತಿ ರಾಮದುರ್ಗಕ್ಕೆ ಹೋದರು. ಬನ್ನಿ ಕೊಟ್ಟರು, ಖಾನಾವಳಿಯಲ್ಲಿ ನಾಲ್ಕು ರೊಟ್ಟಿ ಉಂಡರು. ಗೆದ್ದೆನೆಂದು ನಾನು ಬೀಗುತ್ತಿರುವಾಗಲೇ ಇಬ್ಬರ ಹೆಸರಿನಲ್ಲೂ ಒಂದೇ ಸಂದೇಶ ಬಂತು: ‘ಮಂದಿ ಬಾಯಿ ಮುಚ್ಚಸೂ ಅಡ್ಮಿನ್ ನಮಗ ಬ್ಯಾಡ. ಬದಲಿ ಮಾಡ್ರಿ.’ ಕೆಳಗೆ ಹೆಬ್ಬೆರಳುಗಳ ಸಾಲು. ಅದರಲ್ಲಿ ನನ್ನ ತಂಗಿಯದೂ ಒಂದು! ನಾನು ಬಿಟ್ಟೇನೆಯೇ? ‘ಈ ಕಟ್ಟಿ ಕಟ್ಟಿದಾಕಿ ನಾನು. ಬ್ಯಾಡಾದವ್ರು ಇಳದು ಹೋಗ್ರಿ’ ಎಂದು ಬರೆದು, ಮಾಸ್ತರನ್ನೂ ಶಾಂತಕ್ಕನನ್ನೂ ಸೇರಿಸಿ ಝಾಡಿಸಿದೆ.

ಒಲೆಯ ಮುಂದೆ ನಿಂತಿದ್ದ ನನ್ನ ಗಂಡ ತಿರುಗಿಯೂ ನೋಡದೆ, ‘ಈಗ ನೀನೂ ಜಗಳಾಡಿದಂಗ ಆತಲ್ಲ? ಹಂಗಾರ ಕಾಯ್ದೆ ನಿನಗೂ ಹತ್ತತೈತಿ’ ಎಂದರು.

ಹಾಗಾಗಿ ಈಗ ಮುರಗೋಡ ದಾಟಿದ ಬಸ್ಸಿನಲ್ಲಿ, ಪರ್ಸಿನಲ್ಲಿ ಬನ್ನಿ ಇಟ್ಟುಕೊಂಡು ಕುಳಿತಿದ್ದೇನೆ. ಮೊದಲು ಸವದತ್ತಿ, ಆಮೇಲೆ ರಾಮದುರ್ಗ. ಎಲೆ ಬಾಡಿದೆ, ನಾನು ಬಾಡಿಲ್ಲ. ಕ್ಷಮೆ ಕೇಳಲು ಹೊರಟವಳಲ್ಲ, ನನ್ನ ಕಾಯ್ದೆಯನ್ನು ನಾನೇ ಮುರಿಯಬಾರದೆಂದು ಹೊರಟವಳು. ‘ಬಂಗಾರದಂಗ ಇರೂಣು’ ಎನ್ನುತ್ತೇನೆ, ಅಡ್ಮಿನ್‌ಗಿರಿ ಮಾತ್ರ ಬಿಡುವುದಿಲ್ಲ. ಇರುವುದು ಒಂದೇ ಅಳುಕು. ಎಣ್ಣೆಗಾಯಿಗೆ ನೀವು ಬೆಲ್ಲ ಹಾಕುತ್ತೀರೋ ಇಲ್ಲವೋ ಎಂದು ಅವರು ನನ್ನನ್ನೇ ಕೇಳಿದರೆ ಏನು ಹೇಳಲಿ? ನಮ್ಮ ಮನೆಯಲ್ಲಿ ಅಡುಗೆ ಮಾಡುವವರು ನನ್ನ ಗಂಡ.