ಪ್ರಣತಿಯ ಮುಖದುರ್ಗಕ್ಕೆ ಅಗುಳು ಹೊಕ್ಕ ಕಥನ

ಸ್ವಸ್ತಿ. ಕುಕ್ಕರಿನ ಸೀಟಿಯು ದಶದಿಕ್ಕುಗಳಲ್ಲಿ ಮೊಳಗುತ್ತಿದ್ದ, ಮಿಕ್ಸರಿನ ಅಲಗು ಸಮಸ್ತ ಬೇಳೆಕಾಳುಗಳ ಗರ್ವವನ್ನು ಅರೆಗಳಿಗೆಯಲ್ಲಿ ನುಣ್ಣಗೆ ಅಡಗಿಸುತ್ತಿದ್ದ, ಮೂವತ್ತೆರಡು ಹಲ್ಲುಳ್ಳವರೂ ಅಗಿಯಲು ಆಲಸ್ಯಪಡುತ್ತಿದ್ದ ಈ ಕಲಿಯುಗದ ಒಂದು ಶ್ರಾವಣದಲ್ಲಿ, ಬೀಜಭಂಡಾರಗಳಿಂದ ಶೋಭಿಸುವ ರಾಣೆಬೆನ್ನೂರೆಂಬ ಪಟ್ಟಣದಲ್ಲಿ ಹಾಲವ್ವನೆಂಬ ವೀರನಾರಿಯೊಬ್ಬಳಿದ್ದಳು. ತ್ರಿಶತಬಾಲಜಠರಾನಲಶಮನಧುರೀಣೆ, ಬೃಹತ್ಕಟಾಹಮಥನಪ್ರವೀಣೆ, ಒಗ್ಗರಣೆಯ ಧೂಮದಲ್ಲಿಯೂ ರೆಪ್ಪೆ ಮಿಟುಕಿಸದ ಸ್ಥಿರದೃಷ್ಟಿ ಎಂದೆಲ್ಲ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಬಿಸಿಯೂಟದ ಹಾಲವ್ವ ಎನ್ನುತ್ತಿದ್ದರು. ಸರಕಾರಿ ಶಾಲೆಯ ಅಡುಗೆಮನೆಯಲ್ಲಿ ಹದಿನಾಲ್ಕು ವರ್ಷಗಳಿಂದ ಮುನ್ನೂರು ಮಕ್ಕಳಿಗೆ ಅನ್ನ ಸಾರು ಬೇಯಿಸಿ ಬಡಿಸಿದ್ದ ಅವಳ ಎದುರಿನಿಂದ ಉಣ್ಣದೆ ಎದ್ದು ಹೋದ ಮಗು ಆ ಊರಿನಲ್ಲಿರಲಿಲ್ಲ. ಒಂದೇ ಒಂದು ಇತ್ತು. ಅದು ಅವಳ ಸ್ವಂತ ಮೊಮ್ಮಗಳು.

ಸಕಲ ಪ್ರಾಣಿಗಳ ಉದರದಲ್ಲಿ ನೆಲೆಸಿದ ಓ ಜಠರಾಗ್ನಿಯೇ, ಹನ್ನೊಂದು ತಿಂಗಳ ಕೂಸಿನೊಳಗೆ ನಿನ್ನನ್ನು ಪ್ರಜ್ವಲಿಸಲು ಮಾನವರು ಪಟ್ಟ ಪಾಡನ್ನು ಹೇಳಹೊರಟಿದ್ದೇನೆ. ಹೇಳಿ ಮುಗಿಯುವವರೆಗೆ ನನ್ನ ಹೊಟ್ಟೆಯಲ್ಲಿ ತುಸು ಸುಮ್ಮನಿರು.

ಆ ಕೂಸಿನ ಹೆಸರು ಪ್ರಣತಿ. ಹೆಸರಿನಲ್ಲಿ ನಮಸ್ಕಾರವಿದ್ದರೂ ಅದು ಯಾರಿಗೂ ತಲೆಬಾಗುವ ಪೈಕಿಯದಲ್ಲ. ಬಿಳಿ ಬಟ್ಟೆಯಲ್ಲಿ ಸೋಸಿದ ರಾಗಿಗಂಜಿಯನ್ನು ಗಟಗಟನೆ ಕುಡಿಯುತ್ತಿತ್ತು. ಆ ಗಂಜಿಯಲ್ಲಿ ಸಾಸಿವೆಯಷ್ಟು ಗಂಟು ಸಿಕ್ಕರೂ ಸಾಕು, ಮೇಲೆರಡು ಕೆಳಗೆರಡು ನಿಂತಿದ್ದ ಶ್ವೇತವರ್ಣದ ದ್ವಾರಪಾಲಕರು ಬಾಗಿಲಿಕ್ಕಿಕೊಳ್ಳುತ್ತಿದ್ದರು, ನಾಲಗೆಯೆಂಬ ಸೇನಾನಿ ನುಗ್ಗಿದವನನ್ನು ಕತ್ತು ಹಿಡಿದು ಹೊರಗೆ ದಬ್ಬುತ್ತಿದ್ದ.

ಇದು ಹೀಗೆಯೇ ಸಾಗಬಹುದಿತ್ತೇನೋ. ಆದರೆ ತಾಯಿ ಮಂದಾಕಿನಿ ಅಂಚೆ ಕಚೇರಿಯ ಕೆಲಸಕ್ಕೆ ಸೋಮವಾರ ಮರಳಬೇಕಾಗಿತ್ತು. ಹಾಲವ್ವ ಶಾಲೆಯಿಂದ ಬರುವವರೆಗೆ ಕೂಸನ್ನು ಓಣಿಯ ಗೌರಕ್ಕನ ಬಳಿ ಬಿಡುವುದೆಂದು ಮಾತಾಗಿತ್ತು. ಎಂಟು ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಗೌರಕ್ಕ ಒಂದೇ ಷರತ್ತು ಹಾಕಿದ್ದಳು: ಮೆತ್ತಗಿನ ಅನ್ನಬೇಳೆ ಉಣ್ಣುವ ಕೂಸಾದರೆ ಸರಿ, ಒಬ್ಬೊಬ್ಬರಿಗೆ ಗಂಜಿ ಸೋಸುತ್ತ ಕೂಡಲು ತನ್ನಿಂದ ಆಗದು. ಚುಚ್ಚುಮದ್ದಿನ ದಿನ ನರ್ಸಮ್ಮನೂ ಮನೆಯವರು ಉಣ್ಣುವುದನ್ನೇ ಹಿಸುಕಿ ಕೊಡಬೇಕು, ಈಗಾಗಲೇ ತಡವಾಗಿದೆ ಎಂದು ಗದರಿಸಿದ್ದಳು.

ಈ ವಾರ್ತೆಯು ತುಂಗಭದ್ರೆಯ ಆಚೆಗೂ ಮುಟ್ಟಿತು. ಶುಕ್ರವಾರ ಮಧ್ಯಾಹ್ನ ಹರಿಹರದಿಂದ ಅಳಿಯ ಕೊಟ್ರೇಶನ ತಾಯಿ, ಹಾಲವ್ವನ ಬೀಗಿತಿ, ಶುದ್ಧಶೋಧಿತಪೇಯಪಕ್ಷಪಾತಿನಿಯಾದ ವಿಶಾಲಾಕ್ಷಮ್ಮನು ಎರಡು ಡಬ್ಬಿ ಹಿಟ್ಟನ್ನೂ ಒಂದು ಹೊಸ ಸೋಸುಬಟ್ಟೆಯನ್ನೂ ಧರಿಸಿ ಆಟೋದಿಂದಿಳಿದಳು. ಎರಡು ವರ್ಷದವರೆಗೆ ಕೂಸಿನ ಗಂಟಲಿಗೆ ಗಟ್ಟಿ ಪದಾರ್ಥ ಇಳಿಯಬಾರದೆಂಬುದು ಅವಳ ಅಚಲ ಸಿದ್ಧಾಂತ. ನಡುಮನೆಯಲ್ಲಿ ಕುಳಿತು, ಚಹಾ ಮುಗಿಸಿ, ಅವಳು ತನ್ನ ರಣಘೋಷಣೆ ಮಾಡಿದಳು.

"ಸೋಮವಾರದೊಳಗ ಕೂಸು ಅನ್ನ ಉಂಡ್ರ ಸರಿ. ಇಲ್ಲಂದ್ರ ನಾ ಹರಿಹರಕ್ಕ ಕರಕೊಂಡು ಹೋಗ್ತೀನಿ. ನೀವು ರವಿವಾರಕ್ಕೊಮ್ಮೆ ಬಂದು ನೋಡ್ಕೊಂಡು ಹೋಗ್ರಿ."

ಮಂದಾಕಿನಿಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಅವಳು ತಾಯಿಯ ಮುಖ ನೋಡಿದಳು. ಕೊಟ್ರೇಶನು ತನ್ನ ಮೊಬೈಲಿನೊಳಗೆ ಎಷ್ಟು ಆಳಕ್ಕೆ ಇಳಿಯಲು ಸಾಧ್ಯವೋ ಅಷ್ಟು ಆಳಕ್ಕೆ ಇಳಿದನು.

ಆಗ ಹಾಲವ್ವ ಸೆರಗನ್ನು ನಡುವಿಗೆ ಸಿಕ್ಕಿಸಿ ಎದ್ದು ನಿಂತಳು. ತಾನು ಇಪ್ಪತ್ತೈದು ಕಿಲೋ ಅಕ್ಕಿಯನ್ನು ಒಬ್ಬಳೇ ಬಸಿದವಳೆಂದೂ, ತನ್ನ ಸೌಟಿನ ಸದ್ದಿಗೆ ಏಳನೆಯ ತರಗತಿಯ ಪುಂಡರೂ ಸಾಲಾಗಿ ನಿಲ್ಲುವರೆಂದೂ, ಸೊಪ್ಪು ಕಂಡರೆ ಮುಖ ಸಿಂಡರಿಸುವವರೂ ಎರಡನೆಯ ಸಲ ಸೊಪ್ಪಿನ ಸಾರು ಕೇಳುವಂತೆ ಮಾಡಿದ ಕೀರ್ತಿ ತನ್ನದೆಂದೂ ಅವಳು ದೀರ್ಘವಾಗಿ ಗರ್ಜಿಸಿದಳು. ಕೊನೆಗೆ ಹೇಳಿದಳು:

"ಮುನ್ನೂರು ಮಂದಿಗೆ ಉಣಿಸಿದಾಕಿಗೆ ಇದೊಂದು ಕೂಸು ಭಾರ ಏನ್ರೀ ಬೀಗರ?"

ಭಾರವೇ ಆಯಿತು. ಶುಕ್ರವಾರ ಸಂಜೆ ತುಪ್ಪದಿಂದ ಘಮಘಮಿಸುವ ಅನ್ನಬೇಳೆಯ ತುತ್ತು ಮುಖದುರ್ಗದ ಮಹಾದ್ವಾರಕ್ಕೆ ಮುತ್ತಿಗೆ ಹಾಕಿತು. ಬಾಗಿಲು ತೆರೆಯಲಿಲ್ಲ. ಹಾಲವ್ವ ಕಾಗೆ ತೋರಿಸಿದಳು, ಹಾಡು ಹೇಳಿದಳು, ಬಾಗಿಲ ಪರದೆಯ ಹಿಂದೆ ಬಚ್ಚಿಟ್ಟುಕೊಂಡು ಬೂ ಎಂದಳು. ಕೂಸು ನಗುವುದಕ್ಕಾಗಿ ಬಾಯಿ ತೆರೆದ ಕ್ಷಣದಲ್ಲಿ ಅವಳು ತುತ್ತನ್ನು ಒಳನುಗ್ಗಿಸಿದ್ದೇನೋ ನಿಜ; ನುಗ್ಗಿದಷ್ಟೇ ವೇಗದಲ್ಲಿ ಅದು ಹಿಂದಿರುಗಿ ಸೇನಾಧಿಪತಿ ಹಾಲವ್ವನ ಕನ್ನಡಕದ ಮೇಲೆ ಬಿದ್ದಿತು.

ಶನಿವಾರ ಕಪಟಯುದ್ಧ. ಸೋಸಿದ ಗಂಜಿಯ ಮಡುವಿನೊಳಗೆ ಮೂರು ಅಗುಳುಗಳನ್ನು ಗೂಢಚಾರರಂತೆ ಮುಳುಗಿಸಿ ಚಮಚದಲ್ಲಿ ಕುಡಿಸಲಾಯಿತು. ಪ್ರಣತಿ ಗಂಜಿಯನ್ನು ನುಂಗಿತು. ಆಮೇಲೆ ಗಂಭೀರವಾಗಿ, ಆತುರವಿಲ್ಲದೆ, ಮೂರೂ ಅಗುಳುಗಳನ್ನು ಒಂದರ ಹಿಂದೆ ಒಂದರಂತೆ ಗಲ್ಲದ ಮೇಲೆ ತಂದು ಸಾಲಾಗಿ ಇಟ್ಟಿತು. ನಂತರ ಗಂಜಿಯನ್ನೂ ಕುಡಿಯದಾಯಿತು. ಚಮಚ ಕಂಡರೆ ಸಾಕು, ಮುಖ ತಿರುಗಿಸಿ ಅಳತೊಡಗಿತು.

ವಿಶಾಲಾಕ್ಷಮ್ಮ ಕೂಸಿನ ಅಂಗಿಗಳನ್ನು ಮಡಿಚಿ ಚೀಲಕ್ಕೆ ಹಾಕತೊಡಗಿದಳು. ಆ ಚೀಲವೇ ಹಾಲವ್ವನಿಗೆ ಶರವರ್ಷಕ್ಕಿಂತ ಹೆಚ್ಚಾಗಿ ನಾಟಿತು.

ರವಿವಾರ ಬೆಳಿಗ್ಗೆ ಆ ವೀರಾಗ್ರಣಿ ಹಿತ್ತಲಿನ ಕಟ್ಟೆಯ ಮೇಲೆ ಮಂಕಾಗಿ ಕುಳಿತಿದ್ದಳು. ಊರಮಕ್ಕಳು ಉಂಡರು, ತನ್ನ ಮಗಳ ಕೂಸು ತನ್ನ ಕೈ ಕಂಡರೆ ಅಳುತ್ತದೆ. ಜೂನ್ ತಿಂಗಳಲ್ಲಿ ಹೊಸದಾಗಿ ಬರುವ ಒಂದನೆಯ ತರಗತಿಯ ಮಕ್ಕಳೂ ಹೀಗೆಯೇ ಅಲ್ಲವೇ ಎಂದು ಅವಳು ನೆನೆದಳು. ತಟ್ಟೆ ತಬ್ಬಿಕೊಂಡು ಅಳುತ್ತ ನಿಲ್ಲುತ್ತಾರೆ. ಅಂಥವರಿಗೆ ತಾನು ಏನು ಮಾಡುತ್ತಿದ್ದೆ? ತುತ್ತು ಮಾಡಿ ಹಿಂದೆ ಓಡಿದ್ದುಂಟೇ, ಕಾಗೆ ತೋರಿಸಿದ್ದುಂಟೇ? ಇಲ್ಲ. ಚೆನ್ನಾಗಿ ಉಣ್ಣುವ ಇಬ್ಬರ ನಡುವೆ ಕೂಡ್ರಿಸಿ, ಬಡಿಸಿ, ಮುಂದಿನ ತಟ್ಟೆಗೆ ಹೋಗಿಬಿಡುತ್ತಿದ್ದೆ. ಹಿಂತಿರುಗಿ ಬರುವಷ್ಟರಲ್ಲಿ ಮಗು ಕೈ ಹಾಕಿರುತ್ತಿತ್ತು.

ಹಾಲವ್ವ ದಿಗ್ಗನೆ ಎದ್ದಳು. ಆದರೆ ಸಾಲು ಕಟ್ಟಲು ಉಣ್ಣುವವರು ಬೇಕು, ಕೂಸು ಆ ಮೂರು ದಿನವೂ ಅಂಟಿಕೊಂಡಿದ್ದದ್ದು ಹರಿಹರದ ಅಜ್ಜಿಗೆ. ಶತ್ರುಶಿಬಿರದ ಬಾಗಿಲಲ್ಲಿ ನಿಂತು ಯಾಚಿಸುವುದು ವೀರರಿಗೆ ಮರಣಸಮಾನವೆಂದು ಬಲ್ಲವರು ಹೇಳುತ್ತಾರೆ. ಹಾಲವ್ವ ಹೋಗಿ ನಿಂತಳು.

"ಬೀಗರ, ನೀವು ಕೂಸಿನ ಬಾಜೂಕ ಕುಂತು ಉಣ್ಣಬೇಕು. ನಿಮ್ಮನ್ನ ನೋಡಿದ್ರ ಅದು ತಿಂತೈತಿ. ನನ್ನ ಕಡೆ ಆಗಲಿಲ್ಲ."

ವಿಶಾಲಾಕ್ಷಮ್ಮನ ಕೈ ಚೀಲದ ಮೇಲೆಯೇ ನಿಂತಿತು. ಆಮೇಲೆ ದನಿ ತಗ್ಗಿಸಿ, ಕೊಟ್ರೇಶನಿಗೆ ಕೇಳಿಸದಂತೆ ಹೇಳಿದಳು:

"ಕೊಟ್ರೇಶಿ ವರ್ಷದ ಕೂಸಿದ್ದಾಗ ಕಡ್ಲಿಕಾಳು ಗಂಟಲಾಗ ಸಿಕ್ಕು ನೀಲಿ ತಿರುಗಿದ್ದ. ದವಾಖಾನಿ ಮುಟ್ಟೂತನಕ ನಾ ಸತ್ತ ಹೋಗಿದ್ದೆ. ಇವತ್ತಿಗೂ ಕೂಸಿನ ಬಾಯಾಗ ಕಾಳು ಕಂಡ್ರ ನನಗ ಅದಽ ನೆನಪಾಗ್ತೈತಿ."

ಹಾಲವ್ವನ ಬಳಿ ಸಿದ್ಧವಾಗಿದ್ದ ಸಮಸ್ತ ಶಸ್ತ್ರಗಳೂ ಒಮ್ಮೆಲೇ ಮೊಂಡಾದವು. ಅವಳು ಒಳಗೆ ಹೋಗಿ ಬೆಂದ ಅನ್ನದ ಬೋಗುಣಿಯನ್ನು ತಂದು ಬೀಗಿತಿಯ ಮುಂದಿಟ್ಟಳು. ಎರಡು ಬೆರಳ ನಡುವೆ ಹಿಸುಕಿ ನೋಡಿ, ಹಿಟ್ಟಾದರೆ ಮಾತ್ರ ಕೂಸಿನ ತಟ್ಟೆಗೆ ಹಾಕಿ, ಆಗದಿದ್ದರೆ ಬೇಡ, ನೀವೇ ಆರಿಸಿ ಎಂದಳು. ಅಂದು ಹೊತ್ತೇರುವವರೆಗೆ ವಿಶಾಲಾಕ್ಷಮ್ಮ ಅಕ್ಕಸಾಲಿಗಳು ಚಿನ್ನ ಪರೀಕ್ಷಿಸುವ ನಿಷ್ಠೆಯಿಂದ ಅಗುಳು ಅಗುಳನ್ನೂ, ಬೇಯಿಸಿದ ಗಜ್ಜರಿಯ ಚೂರನ್ನೂ ಹಿಸುಕಿದಳು. ಅನುಮಾನ ಬಂದದ್ದನ್ನು ತಾನೇ ತಿಂದಳು.

ಮಧ್ಯಾಹ್ನ ಒಂದು ಗಂಟೆಗೆ ಸೇನೆಗಳು ನಡುಮನೆಯಲ್ಲಿ ನೆರೆದವು. ವಿಶಾಲಾಕ್ಷಮ್ಮ, ಪ್ರಣತಿ, ಮಂದಾಕಿನಿ, ಕೊಟ್ರೇಶ ಈ ಕ್ರಮದಲ್ಲಿ ಚಾಪೆಯ ಮೇಲೆ ಒಂದೇ ಸಾಲು. ಎಲ್ಲರ ಮುಂದೆಯೂ ಸ್ಟೀಲಿನ ತಟ್ಟೆ, ಕೂಸಿನ ಮುಂದೆಯೂ. ಹಾಲವ್ವ ಸೌಟು ಹಿಡಿದು ಬಂದಳು. ಬೀಗಿತಿಗೆ ಬಡಿಸಿದಳು. ಕೂಸಿನ ತಟ್ಟೆಗೆ ಒಂದು ಚಿಟಿಕೆ ಅನ್ನಬೇಳೆ ಹಾಕಿ, ಅದರ ಮುಖವನ್ನು ನೋಡದೆ, ನೋಡಬೇಕೆಂಬ ಆಸೆ ಎದೆಯೊಳಗೆ ಒದ್ದಾಡುತ್ತಿದ್ದರೂ ನೋಡದೆ, ಮಗಳ ತಟ್ಟೆಗೆ ಹೋದಳು.

ಪ್ರಣತಿ ತಟ್ಟೆಯನ್ನು ನೋಡಿತು. ಎಡಗಡೆಯ ಅಜ್ಜಿ ಉಣ್ಣುತ್ತಿದ್ದಳು. ಬಲಗಡೆ ಅವ್ವ ಉಣ್ಣುತ್ತಿದ್ದಳು. ಯಾರ ಕೈಯೂ ಅದರ ಬಾಯಿಯ ಕಡೆಗೆ ಬರಲಿಲ್ಲ. ಕೂಸು ಐದೂ ಬೆರಳನ್ನು ಅನ್ನದೊಳಗೆ ಊರಿತು, ಎತ್ತಿ ನೋಡಿತು, ಅಂಟಿದ್ದನ್ನು ಅಂಗೈಯಿಂದಲೇ ಬಾಯಿಗೆ ಒತ್ತಿಕೊಂಡಿತು.

ದ್ವಾರ ತೆರೆಯಿತು. ಅಗುಳುಗಳು ಒಳಹೊಕ್ಕವು. ಮರುಕ್ಷಣವೇ ಕೂಸು ವ್ಯಾಕ್ ಎಂದು ಕಣ್ಣರಳಿಸಿ ಕೆಮ್ಮಿತು. ಕೊಟ್ರೇಶನ ತುತ್ತು ಗಾಳಿಯಲ್ಲಿ ನಿಂತಿತು. ವಿಶಾಲಾಕ್ಷಮ್ಮ ಮುಖ ಬಿಳಿಚಿ, ಕೂಸಿನ ಬೆನ್ನಿಗೆ ಗುದ್ದಲು ಕೈಯೆತ್ತಿದಳು.

ಹಾಲವ್ವ ಸೌಟನ್ನು ಬಿಟ್ಟು ಮೊಣಕಾಲೂರಿ ಬೀಗಿತಿಯ ಕೈ ಹಿಡಿದಳು. "ಕೆಮ್ಮಾಕತ್ತೈತಿ ಅಂದ್ರ ಉಸರು ಆಡಾಕತ್ತೈತಿ. ತಾನಽ ದಾರಿ ಮಾಡ್ಕೊಂತೈತಿ. ಒಂದು ಗಳಿಗಿ ತಡೀರಿ."

ಆ ಗಳಿಗೆ ಬಹಳ ಉದ್ದವಾಗಿತ್ತು. ಇಬ್ಬರು ಅಜ್ಜಿಯರೂ ಒಬ್ಬರ ಕೈಯನ್ನೊಬ್ಬರು ಬಿಗಿಯಾಗಿ ಹಿಡಿದುಕೊಂಡೇ ಕೂಸನ್ನು ನೋಡುತ್ತಿದ್ದರು. ಪ್ರಣತಿ ಇನ್ನೊಮ್ಮೆ ಕೆಮ್ಮಿತು. ದವಡೆಯನ್ನು ಆಚೆ ಈಚೆ ಆಡಿಸಿತು. ಗುಟುಕೆಂದು ನುಂಗಿತು. ಆಮೇಲೆ ಈ ದೊಡ್ಡವರಿಗೆಲ್ಲ ಏನಾಗಿದೆ ಎಂಬಂತೆ ಸುತ್ತ ನೋಡಿ, ಮತ್ತೆ ತಟ್ಟೆಗೆ ಕೈ ಹಾಕಿತು.

ದೇವದುಂದುಭಿಗಳು ಮೊಳಗಿದ್ದು ಯಾರಿಗೂ ಕೇಳಿಸಲಿಲ್ಲ, ಏಕೆಂದರೆ ಅಷ್ಟರಲ್ಲಿ ಕೂಸು ತಟ್ಟೆಯನ್ನೇ ಎರಡೂ ಕೈಯಿಂದ ಬಡಿದು ಮೇಲಕ್ಕೆ ಹಾರಿಸಿತ್ತು. ಪುಷ್ಪವೃಷ್ಟಿಯಂತೆ ಅನ್ನಬೇಳೆ ಸುರಿಯಿತು. ವಿಶಾಲಾಕ್ಷಮ್ಮನ ರೇಷ್ಮೆಯಂಚಿನ ಸೀರೆಯೂ ಪುನೀತವಾಯಿತು. ಅವಳು ಅದನ್ನು ಕೊಡವಿಕೊಳ್ಳಲೂ ಇಲ್ಲ. ಕಣ್ಣೊರೆಸಿಕೊಂಡು, ನಾಳೆ ತಾನೊಬ್ಬಳೇ ಹತ್ತರ ಬಸ್ಸಿಗೆ ಹೋಗುವುದಾಗಿಯೂ, ಗೌರಕ್ಕನಿಗೆ ಅನ್ನವನ್ನು ಹಿಸುಕಿ ನೋಡಲು ಹೇಳಬೇಕೆಂದೂ ತಿಳಿಸಿದಳು. ಮಂದಾಕಿನಿ ಎದ್ದು ಹೋಗಿ ಚೀಲದೊಳಗಿನ ಅಂಗಿಗಳನ್ನು ಒಂದೊಂದಾಗಿ ಹೊರಗೆ ತೆಗೆದಿಟ್ಟಳು. ಕೊಟ್ರೇಶ ಮೂರು ದಿನಗಳಲ್ಲಿ ಮೊದಲ ಬಾರಿಗೆ ಬಾಯಿಬಿಟ್ಟು, ಸಾರು ಇನ್ನೊಂದಿಷ್ಟು ಹಾಕಿರಿ ಎಂದನು.

ಹೀಗೆ ಎರಡು ಊರುಗಳ ಸೈನ್ಯ ಸೇರಿ ಮೂರು ದಿನ ಕಾದಿದ ಈ ಘೋರ ಸಮರವನ್ನು ಕೇಳಿದವರ ಹೊಟ್ಟೆ ತಣ್ಣಗಿರಲಿ, ಹೇಳಿದವನಿಗೂ ಯಾರಾದರೂ ಒಂದು ತುತ್ತು ಬಡಿಸಲಿ. ಲೆಕ್ಕ ಕೇಳುವವರಿಗಾಗಿ ಹೇಳುವುದಾದರೆ, ಕೂಸಿನ ಹೊಟ್ಟೆಗೆ ಸೇರಿದ್ದು ನಾಲ್ಕು ಅಗುಳು. ಐದೆಂದು ಮಂದಾಕಿನಿ ವಾದಿಸುತ್ತಿದ್ದಳು. ಐದನೆಯದು ಸಂಜೆ ಕೂಸಿಗೆ ನೀರೆರೆಯುವಾಗ ಕಿವಿಯ ಹಿಂದೆ ಸಿಕ್ಕಿತು.