ಹೆಪ್ಪಿಗೊಂದು ಸಮೀಕರಣ

ಗಣಿತ ಕಲಿಸುವವರಿಗೆ ಕಠಿಣ ಪ್ರಶ್ನೆಗಳ ಭಯ ಇರುವುದಿಲ್ಲ. ಕಠಿಣ ಪ್ರಶ್ನೆ ಬಂದರೆ ‘ನಾಳೆ ನೋಡೋಣ’ ಎಂದು ಹೇಳಿ, ನಾಳೆ ಬೇರೆ ಅಧ್ಯಾಯ ಶುರು ಮಾಡಬಹುದು. ನಮ್ಮ ಬೆವರಿಳಿಸುವುದು ಒಂದು ಸುಲಭದ ಪ್ರಶ್ನೆ: ‘ಸರ್, ಇದು ಎಲ್ಲಿ ಉಪಯೋಗಕ್ಕ ಬರತೈತ್ರಿ?’ ಇತಿಹಾಸದವರನ್ನು ಯಾರೂ ಹೀಗೆ ಕೇಳುವುದಿಲ್ಲ. ಕನ್ನಡದವರನ್ನು ಕೇಳಿದರೆ ಅವರು ಒಂದು ತಾಸು ಉತ್ತರ ಕೊಡುತ್ತಾರೆಂಬ ಹೆದರಿಕೆ ಹುಡುಗರಿಗಿದೆ. ಹಾಗಾಗಿ ಎಲ್ಲರ ಪಾಲಿನದೂ ಸೇರಿ ನನಗೇ ಬರುತ್ತದೆ. ಕುಷ್ಟಗಿಯ ಡಿಗ್ರಿ ಕಾಲೇಜೊಂದರಲ್ಲಿ ನಾನು ಗಣಿತ ಹೇಳುತ್ತೇನೆ. ಅವಕಲ ಸಮೀಕರಣದ, ಅಂದರೆ ಡಿಫರೆನ್ಶಿಯಲ್ ಇಕ್ವೇಶನ್ನಿನ, ಪಾಠಕ್ಕೆ ಬಂದಾಗ ಈ ಪ್ರಶ್ನೆ ತಪ್ಪದೆ ಎದ್ದು ನಿಲ್ಲುತ್ತದೆ, ನಾನೂ ತಪ್ಪದೆ ಒಂದೇ ಉತ್ತರ ಕೊಡುತ್ತೇನೆ: ‘ಜಗತ್ತಿನಲ್ಲಿ ಬೆಳೆಯುವುದು, ಕ್ಷಯಿಸುವುದು, ಕಾಯುವುದು, ಆರುವುದು ಎಲ್ಲಕ್ಕೂ ಇದೇ ಲೆಕ್ಕ.’ ಹುಡುಗರು ಅದನ್ನೂ ನೋಟ್ಸ್ ಎಂದು ಬರೆದುಕೊಳ್ಳುತ್ತಾರೆ.

ನಮ್ಮ ತಂದೆಯವರು ಯಲಬುರ್ಗಾ ಕಡೆಯ ಹಳ್ಳಿಯಲ್ಲಿ ಕೂಲಿ ಮಾಡಿ ನನ್ನನ್ನು ಓದಿಸಿದವರು. ನನಗೆ ನೌಕರಿ ಸಿಕ್ಕ ಹೊಸತರಲ್ಲಿ, ‘ಏನ್ ಕಲಿಸ್ತಿಯೋ ಹುಡುಗರಿಗೆ?’ ಎಂದು ಕೇಳಿದ್ದರು. ನಾನು ಬಹಳ ಯೋಚಿಸಿ, ‘ವಸ್ತು ಬದಲಾಗೂದರ ಲೆಕ್ಕ, ಅಪ್ಪಾ’ ಎಂದಿದ್ದೆ. ಅವರು ಬೀಡಿ ಆರಿಸಿ, ‘ಅದಕ್ಕ ಲೆಕ್ಕ ಯಾಕಪಾ? ಅದು ತಾನಾ ಬದಲಾಗತೈತಿ’ ಎಂದರು. ಸರಕಾರ ಇದಕ್ಕೂ ಸಂಬಳ ಕೊಡುತ್ತದೆ ಎಂದು ತಿಳಿದಾಗ ಮಾತ್ರ ಅವರಿಗೆ ಗಣಿತದ ಮೇಲೆ ಗೌರವ ಬಂತು.

ಪಠ್ಯಪುಸ್ತಕದ ಉದಾಹರಣೆಗಳು ನನ್ನ ಸಹಾಯಕ್ಕೆ ಬರುವುದಿಲ್ಲ. ‘ಒಂದು ಬಿಸಿಯಾದ ಕಾಯವನ್ನು ಇಪ್ಪತ್ತು ಡಿಗ್ರಿಯ ಕೋಣೆಯಲ್ಲಿ ಇಡಲಾಗಿದೆ’ ಎಂದು ಅಲ್ಲಿ ಬರೆದಿರುತ್ತದೆ. ‘ಕಾಯ ಅಂದ್ರ ಹೆಣಾನ್ರಿ ಸರ್?’ ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ್ದ. ಇನ್ನು ಇಪ್ಪತ್ತು ಡಿಗ್ರಿಯ ಕೋಣೆ ಕುಷ್ಟಗಿಯ ಏಪ್ರಿಲ್ ತಿಂಗಳಲ್ಲಿ ಇದ್ದರೆ ಅದು ಬ್ಯಾಂಕಿನ ಎಟಿಎಂ ಒಂದೇ. ಅಲ್ಲಿಗೆ ಜನ ದುಡ್ಡು ತೆಗೆಯಲು ಹೋಗುವುದಕ್ಕಿಂತ ತಂಪಿಗೆ ನಿಲ್ಲಲು ಹೋಗುವುದೇ ಹೆಚ್ಚು. ಬಿಸಿಯಾದ ಕಾಯವನ್ನು ಅಲ್ಲಿಡಲು ಬಿಡುವುದಿಲ್ಲ.

ಇಷ್ಟೆಲ್ಲ ನಾನು ತಮಾಷೆಯಾಗಿ ಹೇಳುತ್ತಿದ್ದೆ, ಒಂದು ದಿನ ಊಟಕ್ಕೆ ಕೂತಾಗ ನನ್ನ ಮಗಳೇ ಆ ಪ್ರಶ್ನೆ ಎತ್ತುವವರೆಗೆ. ಸುಮಾ ನಮ್ಮ ಕಾಲೇಜಿನಲ್ಲೇ ಓದುತ್ತಾಳೆ, ನನ್ನ ಕ್ಲಾಸಿನಲ್ಲೇ ಕೂರುತ್ತಾಳೆ. ಮನೆಯಲ್ಲಿ ನಾನು ‘ಅಪ್ಪಾ, ನೀ’, ಕಾಲೇಜಿನಲ್ಲಿ ‘ಸರ್, ನೀವು’. ನಡುವಿನ ದಾರಿಯಲ್ಲಿ ನಾನು ಬೈಕಿನಲ್ಲಿ ಹೋಗುತ್ತೇನೆ, ಅವಳು ಗೆಳತಿಯರ ಜೊತೆ ನಡೆದು ಬರುತ್ತಾಳೆ. ಮುಂದಿನ ವರ್ಷಕ್ಕೆ ಅವಳು ಮುಖ್ಯ ವಿಷಯ ಒಂದನ್ನು ಆರಿಸಿಕೊಳ್ಳಬೇಕಿತ್ತು.

‘ಅಪ್ಪಾ, ನಾ ಗಣಿತ ಬಿಡ್ತೀನಿ. ಕೆಮಿಸ್ಟ್ರಿ ತಗೊಂತೀನಿ’ ಎಂದಳು.

ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ನಿಂತಿತು. ‘ಯಾಕವಾ?’

‘ಏನೂ ಉಪಯೋಗಿಲ್ಲ ಅದರದು.’

‘ಏನೂ ಇಲ್ಲಾ?’

‘ಮೊದಲ ಊಟ ಮಾಡ್ರಿ ಇಬ್ರೂ’ ಎಂದಳು ನನ್ನ ಹೆಂಡತಿ ಶಾರದಾ. ‘ಮಸರು ಆಗಲೇ ಹುಳಿ ಆಗೇತಿ, ಇನ್ನೊಂದೀಟು ಹೊತ್ತಾದ್ರ ದನಾನೂ ಮೂಸಂಗಿಲ್ಲ.’

ನಮ್ಮ ಮನೆಯ ಮೊಸರಿನ ವಿಷಯ ಇಲ್ಲಿ ಹೇಳಬೇಕು. ಶಾರದಾ ಕೊಪ್ಪಳದ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಬೆಳಗಿನ ಬಸ್ಸಿಗೆ ಹೋದರೆ ಸಂಜೆಗೇ ಬರುವುದು. ಮಲಗುವ ಮುಂಚೆ ಹಾಲಿಗೆ ಹೆಪ್ಪು ಹಾಕುತ್ತಾಳೆ. ಚಳಿಗಾಲದಲ್ಲಿ ಬೆಳಗ್ಗೆ ಎದ್ದು ನೋಡಿದರೆ ಅದು ಇನ್ನೂ ಹಾಲೇ ಆಗಿರುತ್ತದೆ. ಬೇಸಿಗೆಯಲ್ಲಿ ಅದು ಮೊಸರಾಗಿ, ಮೊಸರಿನಿಂದ ಮುಂದಕ್ಕೂ ಹೋಗಿ, ನಾಲಿಗೆಗೆ ತಾಗಿಸಿದರೆ ಒಂದು ಕಣ್ಣು ತಾನಾಗಿ ಮುಚ್ಚಿಕೊಳ್ಳುವಷ್ಟು ಹುಳಿಯಾಗಿರುತ್ತದೆ. ಫ್ರಿಜ್ಜಿನಲ್ಲಿಡಬಹುದಲ್ಲ ಎಂದು ನೀವು ಕೇಳಬಹುದು. ಇಡಬಹುದು, ಆದರೆ ಮೊಸರಾದ ಮೇಲೆ ಇಡಬೇಕು. ಅದು ಆಗುವ ಹೊತ್ತಿಗೆ ನಾವೆಲ್ಲ ಗೊರಕೆ ಹೊಡೆಯುತ್ತಿರುತ್ತೇವೆ. ಅಂಗಡಿಯಿಂದ ಪಾಕೀಟು ತರೋಣ ಎಂದರೆ, ಎಮ್ಮೆ ಹಾಲು ತರಿಸುವ ಮನೆಗೆ ಪಾಕೀಟು ಮೊಸರು ತರುವುದು ಅವಮಾನವೆಂದು ಶಾರದಾಳ ಅಭಿಪ್ರಾಯ. ಅಕ್ಕಪಕ್ಕದವರು ಬೋಗೋಣಿಯನ್ನು ನೀರಿನಲ್ಲಿಡಿ ಎಂದರು, ಹೆಪ್ಪು ಕಡಿಮೆ ಹಾಕಿ ಎಂದರು, ಒಬ್ಬರು ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಎಂದರು. ಅವರ ಮನೆಗಳಲ್ಲೂ ಹುಳಿ ಮೊಸರೇ ಎಂಬುದು ನಮಗೆ ಗೊತ್ತಿತ್ತು.

ಆ ಊಟದಲ್ಲಿ ನನಗೆ ಒಮ್ಮೆಲೇ ಹೊಳೆಯಿತು. ಹಾಲು ಆರುವುದು ತಾಪಮಾನದ ಸಮೀಕರಣ. ಹೆಪ್ಪಿನ ಜೀವಾಣು ಹೆಚ್ಚುವುದು ಬೆಳವಣಿಗೆಯ ಸಮೀಕರಣ. ಇದಕ್ಕಿಂತ ಉಪಯೋಗ ಇನ್ನೇನು ಬೇಕು? ‘ಈ ಬ್ಯಾಸಗ್ಯಾಗ ನಾ ಲೆಕ್ಕ ಹಾಕಿ ಛಲೋ ಮಸರು ಮಾಡಿ ತೋರಸ್ತೀನಿ. ಮಾಡಿದ್ರ ನೀ ಗಣಿತ ಬಿಡಂಗಿಲ್ಲ’ ಎಂದು ಮಗಳಿಗೆ ಸವಾಲು ಹಾಕಿದೆ. ಅವಳು ‘ಆತು ಬಿಡು’ ಎಂದಳು. ಆ ದನಿಯಲ್ಲಿ ಉತ್ಸಾಹವಿರಲಿಲ್ಲ. ಅದನ್ನು ಗಮನಿಸುವ ಸ್ಥಿತಿಯಲ್ಲಿ ನಾನೂ ಇರಲಿಲ್ಲ.

ಶನಿವಾರ ಪ್ರಯೋಗ. ಮರುದಿನ ಕಾರಟಗಿಯಿಂದ ಶಾರದಾಳ ತಮ್ಮ ಬಸವರಾಜ ಊಟಕ್ಕೆ ಬರುವವನಿದ್ದ. ಅಲ್ಲಿ ಅವನದು ಭತ್ತದ ವ್ಯಾಪಾರ, ಹಿತ್ತಲಲ್ಲಿ ಎಮ್ಮೆ, ಕತ್ತರಿಸಿ ಬಡಿಸುವಂಥ ಮೊಸರು. ಇದಕ್ಕಿಂತ ಒಳ್ಳೆ ಪರೀಕ್ಷಕ ಸಿಗುವುದಿಲ್ಲ ಎಂದುಕೊಂಡೆ. ಗೆಳೆಯರೊಬ್ಬರಿಂದ ಹೊಸ ಥರ್ಮಾಮೀಟರ್ ತಂದಿದ್ದೆ. ಕೋಣೆಯ ತಾಪಮಾನ ನೋಡಿದೆ. ಕಾಯಿಸಿದ ಹಾಲಿನ ತಾಪಮಾನ ನೋಡಿದೆ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಿದೆ. ಬಿಸಿ ವಸ್ತು ತನ್ನ ಸುತ್ತಲಿಗಿಂತ ಎಷ್ಟು ಹೆಚ್ಚು ಬಿಸಿಯಾಗಿರುತ್ತದೋ ಅಷ್ಟು ಬೇಗ ಆರುತ್ತದೆ, ಹತ್ತಿರ ಬಂದಂತೆ ನಿಧಾನವಾಗುತ್ತದೆ. ಲೆಕ್ಕ ಇಷ್ಟೇ. ಹಾಲು ಉಗುರುಬೆಚ್ಚಗಾಗುವ ವೇಳೆ ಹಾಳೆಯ ಮೇಲೆ ಬಂತು. ಆ ವೇಳೆಗೆ ಸರಿಯಾಗಿ ಶಾರದಾಳನ್ನು ಕರೆದು, ‘ಹಾಕು ಹೆಪ್ಪು’ ಎಂದೆ.

‘ಒಂದ್ಸಲ ಮುಟ್ಟಿ ನೋಡ್ಲೇನ್ರಿ?’

‘ಮುಟ್ಟಬ್ಯಾಡ. ಲೆಕ್ಕದಾಗ ಬಂದೈತಿ.’

ಭಾನುವಾರ ಬೋಗೋಣಿಯ ಮುಚ್ಚಳ ತೆಗೆದಾಗ ಅದರಲ್ಲಿ ಎರಡು ಪದಾರ್ಥಗಳಿದ್ದವು. ಮೇಲೆ ಹಳದಿ ನೀರು, ಕೆಳಗೆ ಗಂಟು ಗಂಟು. ಬಡಿಸದೆ ಗತಿಯಿರಲಿಲ್ಲ. ಬಸವರಾಜ ಮರ್ಯಾದಸ್ಥ. ಬಟ್ಟಲನ್ನು ಎತ್ತಿ, ನೋಡಿ, ಒಂದು ಗುಟುಕು ಕುಡಿದು, ‘ಮಾಮಾ, ಇದು ಮಜ್ಜಿಗಿ ಆಗಾಕತ್ತೈತೋ, ಮಸರು ಆಗಾಕತ್ತೈತೋ?’ ಎಂದು ವಿನಯದಿಂದ ಕೇಳಿದ.

‘ಅದು ಲೆಕ್ಕ ಆಗಾಕತ್ತೈತಿ’ ಎಂದಳು ಶಾರದಾ. ತಮ್ಮ ಹೋಗುವವರೆಗೆ ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ಅವನು ಹೋದ ಮೇಲೆ ಮಾತಾಡಿದ್ದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಮಧ್ಯಾಹ್ನ ಇಳಿದ ಮೇಲೆ ನಾನು ಹಾಲ್‌ನಲ್ಲಿ ಕೂಲರ್ ಮುಂದೆ ಸುಮ್ಮನೆ ಕೂತಿದ್ದೆ. ಸುಮಾ ನನ್ನ ಲೆಕ್ಕದ ಹಾಳೆ ಹಿಡಿದು ಬಂದಳು.

‘ಅಪ್ಪಾ, ಖೋಲಿ ತಾಪಮಾನ ಎಲ್ಲಿ ನೋಡಿದಿ?’

‘ಇಲ್ಲೇ.’

‘ಹಾಲು ಎಲ್ಲಿತ್ತು?’

ಹಾಲು ಅಡುಗೆಮನೆಯಲ್ಲಿತ್ತು. ನಾನು ಕೂಲರ್ ಗಾಳಿಯಲ್ಲಿ ಕೂತು, ನನ್ನ ಸುತ್ತಲಿನ ತಾಪಮಾನವನ್ನೇ ಹಾಲಿನ ಸುತ್ತಲಿನ ತಾಪಮಾನವೆಂದು ಬರೆದುಕೊಂಡಿದ್ದೆ. ಅಧ್ಯಾಪಕ ಎಲ್ಲಿ ಕೂತಿರುತ್ತಾನೋ ಜಗತ್ತು ಅಲ್ಲಿರುತ್ತದೆ ಎಂದುಕೊಳ್ಳುವ ರೂಢಿ ಇಷ್ಟು ವರ್ಷ ಕಲಿಸಿದವನಿಗೆ ಬಂದುಬಿಟ್ಟಿರುತ್ತದೆ.

‘ಮ್ಯಾಲ ಅವ್ವ ಇರಿವಿ ಬರ್ತಾವಂತ ತಾಟು ಮುಚ್ಚಿದ್ಲು. ತಾಟು ಮುಚ್ಚಿದ್ರ ಆರೋ ಸ್ಥಿರಾಂಕಾನೂ ಬ್ಯಾರೆ ಆಗತೈತಿ’ ಎಂದಳು. ‘ಹೆಪ್ಪ ಹಾಕಿದಾಗ ಹಾಲು ಇನ್ನೂ ಭಾಳ ಸುಡ್ತಿರಬೇಕು.’ ಅಷ್ಟು ಹೇಳಿ ಅವಳೇ ಥರ್ಮಾಮೀಟರ್ ಹಿಡಿದು ಅಡುಗೆಮನೆಗೆ ಹೋದಳು. ನಾನು ಹಿಂದೆ ಹೋದೆ.

ಅಲ್ಲಿ ನಿಂತರೆ ರೊಟ್ಟಿಯ ಹಂಚಿನ ಮೇಲೆ ನಿಂತಂತೆ. ಹಗಲೆಲ್ಲ ಕಾದ ಸ್ಲ್ಯಾಬು ಹೊತ್ತು ಮುಳುಗಿದ ಮೇಲೂ ಕೆಳಗೆ ಬಿಸಿ ಸುರಿಯುತ್ತದೆ. ಸುಮಾ ನನ್ನನ್ನು ಒಂದು ಮೂಲೆಯಲ್ಲಿ ನಿಲ್ಲಿಸಿ, ‘ಹಿಡಕೊಂಡು ನಿಂದ್ರು. ಗ್ವಾಡಿಗೆ ತಾಗಿಸಬ್ಯಾಡ. ನಾ ಕೇಳಿದಾಗ ಹೇಳು’ ಎಂದಳು. ನಾನು ನಿಂತೆ. ಅವಳು ಕಟ್ಟೆಯ ಮೇಲೆ ಕೂತು ಬರೆದುಕೊಂಡಳು. ಸಂಜೆಯಿಂದ ಊಟದ ಹೊತ್ತಿನವರೆಗೆ ಅಡುಗೆಮನೆಯೇ ಮೆಲ್ಲಗೆ ಆರುತ್ತಾ ಹೋಗುತ್ತಿತ್ತು. ‘ಹಾಲು ಖೋಲಿ ಕಡೆ ಇಳಿಯಾಕತ್ತೈತಿ, ಖೋಲಿ ತಾನೂ ಇಳಿಯಾಕತ್ತೈತಿ’ ಎಂದಳು. ‘ಅಂದ್ರ ಸುತ್ತಲಿನ ತಾಪಮಾನ ಸ್ಥಿರ ಅಲ್ಲ. ನೀ ಕ್ಲಾಸಿನ್ಯಾಗ ಎರಡನೇ ಪದ್ಧತಿ ಕಲಿಸಿದ್ಯಲ್ಲ, ಗುಣಕ ಹಾಕಿ ಬಿಡಿಸೂದು, ಅದು ಬೇಕು ಇದಕ್ಕ.’

ಆ ಪದ್ಧತಿಯನ್ನು ನಾನು ವರ್ಷ ವರ್ಷವೂ ಕಲಿಸಿದ್ದೇನೆ. ಅದು ಯಾರಿಗಾದರೂ ಬೇಕಾಗಬಹುದು ಎಂದು ನನಗೆ ಅನಿಸಿದ್ದು ಅಂದೇ ಮೊದಲು. ಸಂತೋಷದಿಂದ, ‘ಇಷ್ಟ ಛಲೋ ತಿಳಿದೈತಿ, ಮತ್ತ ಉಪಯೋಗಿಲ್ಲ ಅಂತ ಬಿಡ್ತೀನಿ ಅಂತಿ?’ ಎಂದೆ.

ಅವಳು ಪೆನ್ನು ಕೆಳಗಿಟ್ಟಳು. ‘ಉಪಯೋಗದ ಮಾತಲ್ಲಪಾ ಅದು. ಹೆಚ್ಚ ಮಾರ್ಕ್ಸ್ ಬಿದ್ರ ಅವರಪ್ಪ ಹಾಕ್ಯಾನ ಅಂತಾರ. ಕಡಿಮಿ ಬಿದ್ರ ಮಾಸ್ತರ್ ಮಗಳಿಗೇ ಬರಂಗಿಲ್ಲ ಅಂತಾರ. ನಾ ಕಲತದ್ದು ನಂದು ಅಂತ ಯಾವಾಗ ಆಗಬೇಕು?’

ನಾನು ಥರ್ಮಾಮೀಟರ್ ಹಿಡಿದುಕೊಂಡು ನಿಂತೇ ಇದ್ದೆ. ಬೈಕು ಬಿಟ್ಟು ನಡೆದು ಬರುವುದು, ಕ್ಲಾಸಿನಲ್ಲಿ ಎಂದೂ ಕೈ ಎತ್ತದಿರುವುದು, ಎಲ್ಲ ಒಂದೊಂದಾಗಿ ಅರ್ಥವಾಯಿತು. ಇಷ್ಟು ದಿನ ನಾನು ಬಿಡಿಸುತ್ತಿದ್ದುದು ಬೇರೆ ಯಾರೋ ಕೇಳಿದ ಲೆಕ್ಕ. ‘ನಂಗ ಗೊತ್ತಾಗಲಿಲ್ಲವಾ’ ಎಂದೆ. ‘ನೀ ಕೇಳಲಿಲ್ಲ’ ಎಂದಳು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಹೇಳಿದಂತೆ. ಮತ್ತೆ ಪೆನ್ನು ತೆಗೆದುಕೊಂಡು, ‘ಈಗೆಷ್ಟೈತಿ ಹೇಳು’ ಎಂದಳು. ನಾನು ಓದಿ ಹೇಳಿದೆ.

ಆ ವಾರವೆಲ್ಲ ಅವಳದೇ ಕಾರುಬಾರು. ಹೆಪ್ಪು ಕಡಿಮೆ ಹಾಕಿದರೆ ಜೀವಾಣು ದುಪ್ಪಟ್ಟಾಗುತ್ತಾ ಅಗತ್ಯದಷ್ಟಾಗಲು ಹೆಚ್ಚು ಹೊತ್ತು ಬೇಕು, ಅಂದರೆ ಮೊಸರು ಶಾರದಾ ಏಳುವ ಹೊತ್ತಿಗೆ ಸರಿಯಾಗಿ ಆಗುವಂತೆ ಹೆಪ್ಪಿನ ಪ್ರಮಾಣವನ್ನೇ ಲೆಕ್ಕ ಹಾಕಬಹುದು. ಚಮಚದಿಂದ ಅರ್ಧ ಚಮಚಕ್ಕೆ, ಅಲ್ಲಿಂದ ಚಮಚದ ತುದಿಗೆ ಬಂದಳು. ಒಂದು ದಿನ ಸಂಜೆ ಗಾಳಿ ಎದ್ದು ನಾಲ್ಕು ಹನಿ ಬಿದ್ದು ಲೆಕ್ಕವೆಲ್ಲ ತಪ್ಪಿತು. ಮರುದಿನ ಬೆಳಗ್ಗೆ ಹಾಲಾಗಿಯೇ ಉಳಿದದ್ದನ್ನು ಚಹಾಕ್ಕೆ ಹಾಕಿದೆವು, ಚಹಾ ಒಡೆಯಿತು. ಆಮೇಲೆ ಸೆಖೆ ಮರಳಿ ಬಂತು, ಅದರ ಹಿಂದೆಯೇ ಮೊಸರೂ ಬಂತು. ಗಟ್ಟಿ, ಸಿಹಿ, ಬೋಗೋಣಿ ಓರೆ ಮಾಡಿದರೂ ಅಲುಗಲಿಲ್ಲ. ಶಾರದಾ ಒಂದು ಚಮಚ ತಿಂದು, ಫ್ರಿಜ್ಜಿನಲ್ಲಿಟ್ಟು, ಬಸ್ಸಿಗೆ ಹೊರಡುವಾಗ ಬಾಗಿಲಲ್ಲಿ ನಿಂತು, ‘ಕೆಮಿಸ್ಟ್ರಿ ತಗೊಂಡ್ರ ಇಂಥದ್ದು ಬರ್ತದೇನ ಮತ್ತ?’ ಎಂದು ಮಗಳನ್ನು ಕೇಳಿ, ಉತ್ತರಕ್ಕೆ ಕಾಯದೆ ಹೋದಳು.

ಆ ದಿನಗಳಲ್ಲೇ ಕೊಪ್ಪಳದ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳು ತಮ್ಮ ಕೆಲಸ ಮಂಡಿಸುವ ಕಾರ್ಯಕ್ರಮವಿತ್ತು. ಹೊರಗಿನ ಪ್ರಾಧ್ಯಾಪಕರು ಕೇಳಲು ಬರುತ್ತಾರೆ. ಅವರಿಗೆ ನಾನೂ ಗೊತ್ತಿಲ್ಲ, ಅವಳೂ ಗೊತ್ತಿಲ್ಲ. ‘ಹೋಗ್ತೀಯೇನವಾ?’ ಎಂದು ಈ ಸಲ ಕೇಳಿದೆ. ಅವಳು ಎರಡು ದಿನ ಯೋಚಿಸಿ, ‘ಹೋಗ್ತೀನಿ. ಆದ್ರ ನೀ ನಮ್ಮಪ್ಪ ಅಂತ ಅಲ್ಲಿ ಯಾರಿಗೂ ಹೇಳಬಾರ್ದು’ ಎಂದಳು. ಒಪ್ಪಿದೆ. ಹೋದದ್ದು ಒಂದೇ ಬಸ್ಸಿನಲ್ಲಿ, ಕೂತದ್ದು ಬೇರೆ ಬೇರೆ ಸೀಟಿನಲ್ಲಿ.

ನಾನು ಕೊನೆಯ ಸಾಲಿನಲ್ಲಿ ಕೂತೆ. ಮೊದಲ ಎರಡು ನಿಮಿಷ ಅವಳ ದನಿ ನಡುಗಿತು. ಸ್ಲ್ಯಾಬಿನ ಮಾತು ಬಂದ ಮೇಲೆ ಸಭೆ ನಕ್ಕಿತು, ಏಕೆಂದರೆ ಎಲ್ಲರ ಮನೆಯ ಮೇಲೂ ಅದೇ ಸ್ಲ್ಯಾಬು. ಅಲ್ಲಿಂದ ಅವಳು ಯಾರ ಮಗಳೂ ಅಲ್ಲದವಳಂತೆ ಸಲೀಸಾಗಿ ಹೇಳುತ್ತಾ ಹೋದಳು. ಪ್ರಶ್ನೆಗಳು ಬಂದವು, ಗಟ್ಟಿ ಪ್ರಶ್ನೆಗಳೇ. ಉತ್ತರಿಸಿದಳು. ಕೊನೆಗೆ ಹಿರಿಯ ಪ್ರಾಧ್ಯಾಪಕರೊಬ್ಬರು, ‘ಈ ವಿಚಾರ ಹೆಂಗ ಬಂತು ನಿನಗ?’ ಎಂದರು.

‘ಮಸರು ನಮ್ಮವ್ವಂದ್ರಿ ಸರ್, ಲೆಕ್ಕ ನಂದ್ರಿ.’

‘ಮನ್ಯಾಗ ಬ್ಯಾರೆ ಯಾರಾದ್ರೂ ಸಹಾಯ ಮಾಡ್ಯಾರೇನು?’

ಅವಳು ಒಂದು ಕ್ಷಣ ಕೊನೆಯ ಸಾಲಿನ ಕಡೆ ನೋಡಿದಳು. ‘ನಮ್ಮಪ್ಪ ಥರ್ಮಾಮೀಟರ್ ಹಿಡಕೊಂಡು ನಿಂತಿದ್ದರ್ರಿ’ ಎಂದಳು.

ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಅವಳು ಗಣಿತವನ್ನೇ ಮುಖ್ಯ ವಿಷಯವಾಗಿ ಆರಿಸಿಕೊಂಡಳು ಎಂಬುದನ್ನೂ ಹೇಳಿಬಿಡುತ್ತೇನೆ. ಅದು ಮುಂದಿನ ತಿಂಗಳ ಮಾತು. ಅಂದು ಚಹಾದ ಹೊತ್ತಿನಲ್ಲಿ ಅದೇ ಹಿರಿಯರು ಕಪ್ಪು ಹಿಡಿದು ನನ್ನ ಪಕ್ಕಕ್ಕೇ ಬಂದು ನಿಂತರು. ‘ಆ ಮಸರಿನ ಹುಡುಗಿ ಭಾಳ ಛಲೋ ಮಾಡಿದ್ಲು, ನೋಡ್ರಿ. ಅವರಪ್ಪ ಪಾಪ ಎಲ್ಲೋ ಲ್ಯಾಬಿನ್ಯಾಗ ಅಟೆಂಡರ್ ಇರಬೇಕು’ ಎಂದರು.

ನಾನು ಮಾತು ಕೊಟ್ಟಿದ್ದೆನಲ್ಲ. ‘ಹೌದ್ರಿ’ ಎಂದೆ. ‘ಇನ್ನೂ ಪರ್ಮನೆಂಟ್ ಆಗಿಲ್ಲ.’